ಆ ಒಂಟಿ ಕೋಣೆ ನಮಗೆ ಬೇಡ

ನಿಕರಾಗುವಾದ ನಮ್ಮ ಕಬ್ಬಿನ ಸೀಮೆಯಲ್ಲಿ ಕಿಡ್ನಿ ಕೆಟ್ಟಿದೆ ಅಂತ ಯಾರೂ ಹೇಳುವುದಿಲ್ಲ. "ಪಾಪ, ಅವನಿಗೆ ಕ್ರಿಯಾಟಿನಿನ್ ಬಂದಿದೆ" ಎನ್ನುತ್ತಾರೆ. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕಸದ ಹೆಸರು ಅದು. ನಮ್ಮ ಬಾಯಲ್ಲಿ ಅದೇ ಕಾಯಿಲೆಯಾಗಿಬಿಟ್ಟಿದೆ. ಸುಡುಬಿಸಿಲಲ್ಲಿ ಕಬ್ಬು ಕಡಿಯುವ ಎಷ್ಟೋ ಗಂಡಸರಿಗೆ ಬಂದಿದೆ. ನನ್ನ ಗಂಡ ನಿಕಾಸಿಯೊಗೂ ಬಂತು. ಈಗ ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅವನ ಜೊತೆ ಹೋಗುವವಳು ನಾನು, ಫಿದೆಲಿನಾ. ಅವನ ಹಟ ಸಹಿಸುವ ಕೆಲಸವೂ ನನ್ನದೇ.

ಡಯಾಲಿಸಿಸ್ ಅಂದರೆ ಗೋಳು ಅಂತ ತಿಳಿಯಬೇಡಿ. ದೊಡ್ಡ ಹಾಲ್‌ನಲ್ಲಿ ಕುರ್ಚಿಗಳ ಸಾಲು, ಪಕ್ಕದಲ್ಲೊಂದೊಂದು ಯಂತ್ರ. ರೇಡಿಯೋದಲ್ಲಿ ಬೇಸ್‌ಬಾಲ್ ಶುರುವಾದರೆ ಸಾಕು, ಸೂಜಿ ಚುಚ್ಚಿಸಿಕೊಂಡವರೆಲ್ಲ ಕುಳಿತಲ್ಲೇ ಜಗಳಕ್ಕೆ ಬೀಳುತ್ತಾರೆ. ಎಲ್ಲರಿಗಿಂತ ಜೋರು ನನ್ನ ಗಂಡ.

ಆದರೂ ಅವನ ಕಣ್ಣು ಮಾತ್ರ ಗಾಜಿನ ಗೋಡೆಯಾಚೆಯ ಪಕ್ಕದ ಕೋಣೆಯ ಮೇಲೆ. ಅಲ್ಲಿ ಒಂದೇ ಕುರ್ಚಿ, ಒಂದೇ ಯಂತ್ರ. ದೊಡ್ಡ ಕಿಟಕಿ, ಹೊರಗೆ ಮಾವಿನ ಮರ. ಒಳಗೆ ರಾಜನ ಹಾಗೆ ಕಾಲು ಚಾಚಿ ಕೂರುವವನು ಎವೆನೋರ್. ಹಿಂದೆ ಇವನ ಜೊತೆಗೇ ಕಬ್ಬು ಕಡಿಯುತ್ತಿದ್ದವನು.

"ನೋಡೇ ಫಿದೆಲಿನಾ, ಅವನೇನು ಕಾರ್ಖಾನೆ ಮಾಲೀಕನ ಅಳಿಯನಾ? ನಮಗೆ ಕೊಟ್ಟಿಗೆ, ಅವನಿಗೆ ಅರಮನೆ!"

"ಸುಮ್ನಿರು ಮಾರಾಯ, ಏನೋ ಕಾರಣ ಇರತ್ತೆ."

"ಏನ್ ಕಾರಣ? ಶಿಫಾರಸು! ಇನ್ನೇನು?"

ಅತ್ತ ನರ್ಸ್ ಯಾದಿರಾ ಇವನ ಬೆನ್ನು ಬಿಟ್ಟಿರಲಿಲ್ಲ. ಹಿರಿಯರನ್ನು ನಮ್ಮಲ್ಲಿ ಗೌರವದಿಂದ ದೊನ್, ಹೆಂಗಸಾದರೆ ದೊನ್ಯಾ ಅಂತ ಕರೆಯುತ್ತಾರೆ. "ದೊನ್ ನಿಕಾಸಿಯೊ, ಹೆಪಟೈಟಿಸ್ ಬಿ ಲಸಿಕೆ ಹಾಕಿಸ್ಕೊಳ್ಳಿ. ಈ ವೈರಸ್ ಲಿವರ್ ಹಾಳು ಮಾಡತ್ತೆ. ನಿಮ್ಮ ರಕ್ತದಲ್ಲಿ ಇನ್ನೂ ಇಲ್ಲ. ಬರೋ ಮೊದಲೇ ತಡೀಬೇಕು."

"ಅಯ್ಯೋ ಮಗಳೇ, ವಾರಕ್ಕೆ ಮೂರು ಸಲ ನನ್ನ ರಕ್ತ ಒಗೆದು ಹಿಂಡ್ತೀರಿ. ನಮ್ಮೂರ ಪಾದ್ರಿ ರಕ್ತನೂ ಇಷ್ಟು ಚೊಕ್ಕ ಇರಲ್ಲ. ಇನ್ನೆಲ್ಲಿ ಉಳಿಯತ್ತೆ ಆ ನಿನ್ನ ವೈರಸ್ಸು?"

ಹಾಲ್‌ಗೆ ಹಾಲೇ ಗೊಳ್ಳೆಂದು ನಕ್ಕಿತು. ನಗಿಸಿ ಜಾರಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ನನಗೆ ಮಾತ್ರ ನಗು ಬರಲಿಲ್ಲ. ಕಿಡ್ನಿ ಎರಡೂ ಕೈಕೊಟ್ಟಿವೆ. ಲಿವರ್ ಇರುವುದೇ ಒಂದು. ಅದೂ ಹೋದರೆ ನಾನು ಯಾರ ಜೊತೆ ಜಗಳ ಆಡಲಿ? ಮನೆಗೆ ಬಂದು ಇದನ್ನೇ ಹೇಳಿದೆ. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಒಂದು ಬೆಳಿಗ್ಗೆ ನೋಡುತ್ತೇನೆ, ಬಸ್ಸಿಗೆ ಹೊರಟವನ ಕಂಕುಳಲ್ಲಿ ನಮ್ಮ ಕೆಂಪು ಹೇಂಟೆ!

"ಇದ್ಯಾಕೆ?"

"ಯಾದಿರಾಗೆ. ಆ ಕೋಣೆ ನನಗೆ ಕೊಡಿಸ್ಲಿ ಅಂತ."

"ನಿನ್ನ ತಲೆ ಕೆಟ್ಟಿದೆ!"

ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೋಳಿ ಕೊಕ್ ಕೊಕ್ ಅಂತು. ನಾನು ನಾಚಿಕೆಯಿಂದ ಕಿಟಕಿಯಾಚೆ ನೋಡುತ್ತಾ ಕುಳಿತೆ. ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕೋಳಿಯನ್ನು ಒಳಗೆ ಬಿಡಲಿಲ್ಲ, ಗೇಟಿಗೇ ಕಟ್ಟಿಹಾಕಿದ. ಯಾದಿರಾಳೇ ಹೊರಗೆ ಬಂದಳು. ಇವನ ಅಹವಾಲು ಕೇಳಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಕೋಳಿ ನಿಮ್ಮ ಮನೇಲೇ ಮೊಟ್ಟೆ ಇಡ್ಲಿ ದೊನ್. ಇನ್ನೊಬ್ಬರ ವಿಷಯ ನಾನು ಹೇಳೋ ಹಾಗಿಲ್ಲ. ಎವೆನೋರ್ ಅಲ್ಲೇ ಮರದ ಕೆಳಗಿದ್ದಾರೆ. ಅವರನ್ನೇ ಕೇಳಿ."

ಎವೆನೋರ್ ಅಂದು ಬೇಗ ಬಂದು ತನ್ನ ಸರದಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ. ಇವನು ಹೋಗಿ ಕೈ ಕುಲುಕಿ, ಯಾವ ಸಂಕೋಚವೂ ಇಲ್ಲದೆ ಕೋಣೆಯ ಮಾತು ತೆಗೆದೇಬಿಟ್ಟ.

ಎವೆನೋರ್ ಮೀಸೆಯಲ್ಲೇ ನಕ್ಕ. "ಕೋಣೆ ಬೇಕಾ? ತಗೋ ತಮ್ಮಾ, ಇವತ್ತೇ ತಗೋ. ಆದ್ರೆ ಅದರ ಜೊತೆ ಹೆಪಟೈಟಿಸ್ ಬಿ ಕೂಡ ತಗೋಬೇಕು. ಬಿಡಿಬಿಡಿಯಾಗಿ ಕೊಡಲ್ಲ."

ನನ್ನ ಗಂಡ ಒಂದು ಹೆಜ್ಜೆ ಹಿಂದೆ ಸರಿದ.

"ಅಂದ್ರೆ... ನಿನಗೆ...?"

"ಹೂಂ. ಅದಕ್ಕೇ ನನಗೆ ಬೇರೆ ಕೋಣೆ, ಬೇರೆ ಯಂತ್ರ. ಈ ವೈರಸ್ ಒಣಗಿದ ರಕ್ತದಲ್ಲೂ ಒಂದು ವಾರ ಬದುಕಿರತ್ತೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ನನ್ನಿಂದ ನಿಮಗ್ಯಾರಿಗೂ ತಗಲಬಾರದು ಅಂತ ಇಷ್ಟೆಲ್ಲಾ."

"ಆದ್ರೆ ಯಂತ್ರ ರಕ್ತ ತೊಳೆಯತ್ತಲ್ಲೋ!"

"ಯಂತ್ರ ಮೈಯೊಳಗಿನ ಕಸ ತೆಗೆಯತ್ತೆ, ಹೆಚ್ಚಿನ ನೀರು ತೆಗೆಯತ್ತೆ. ವೈರಸ್ ಲಿವರಲ್ಲಿ ಮನೆ ಮಾಡ್ಕೊಂಡಿರತ್ತೆ. ಅದನ್ನ ಅಲ್ಲಿಂದ ಎಬ್ಬಿಸೋಕೆ ಯಂತ್ರದಿಂದ ಆಗಲ್ಲ."

"ನಿನಗೆ ಹೇಗೆ ಬಂತು?"

"ದೇವರಿಗೇ ಗೊತ್ತು. ಜ್ವರ ಇಲ್ಲ, ಕಾಮಾಲೆ ಇಲ್ಲ. ರಕ್ತ ಪರೀಕ್ಷೇಲಿ ಸಿಕ್ಕಿಬಿತ್ತು. ಲಸಿಕೆ ಹಾಕಿಸ್ಕೋ ಅಂದಾಗ ನಾನೂ ನಿನ್ನ ಥರಾನೇ ತಮಾಷೆ ಮಾಡ್ಕೊಂಡು ತಪ್ಪಿಸ್ಕೊಂಡಿದ್ದೆ. ಈಗ ಮಾತ್ರೆ ನುಂಗ್ತಾ ಹತೋಟೀಲಿ ಇಟ್ಕೊಂಡಿದ್ದೀನಿ. ಗಟ್ಟಿಯಾಗೇ ಇದ್ದೀನಿ. ಆದ್ರೆ ನಮ್ಮ ತಂಡ ಗೆದ್ದಾಗ ಆ ಕೋಣೇಲಿ ಒಬ್ಬನೇ ಕೂಗ್ಬೇಕಲ್ಲ, ಅದು ಬೇಜಾರು."

ಆಗ ನನ್ನ ಗಂಡ ಏನು ಮಾಡಿದ ಗೊತ್ತೇ? ಕುಲುಕಿದ ಕೈಯನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡ. ನನಗೆ ಮೈಯೆಲ್ಲಾ ಉರಿದುಹೋಯಿತು. "ಥೂ, ನಾಚಿಕೆ ಆಗಲ್ವಾ ನಿಂಗೆ?" ಎಂದು ಗದರಿದೆ.

"ಬೈಬೇಡಿ ದೊನ್ಯಾ, ಎಲ್ಲರೂ ಹೀಗೇ ಹೆದರ್ತಾರೆ," ಅಂದ ಎವೆನೋರ್. "ಕೈ ಕುಲುಕಿದ್ರೆ ಬರಲ್ಲ. ಒಂದೇ ತಟ್ಟೇಲಿ ಉಂಡ್ರೂ ಬರಲ್ಲ. ಬರೋದು ರಕ್ತದಿಂದ, ಸೂಜಿಯಿಂದ. ಒಬ್ಬರ ರೇಜರ್, ಹಲ್ಲುಜ್ಜೋ ಬ್ರಷ್ ಇನ್ನೊಬ್ಬರು ಬಳಸಿದ್ರೆ. ಆಮೇಲೆ ಗಂಡ ಹೆಂಡತಿ ಕೂಡೋದ್ರಿಂದ. ನನ್ನ ಹೆಂಡತಿ ಆಗಲೇ ಲಸಿಕೆ ಹಾಕಿಸ್ಕೊಂಡಿದ್ದಾಳೆ."

"ಕೇಳಿಸ್ತಾ?" ಎಂದು ನಾನು ಇವನ ತೋಳು ಚಿವುಟಿದೆ.

ಕೇಳಿಸಿತ್ತು. ಎವೆನೋರ್‌ನ ಕೈಯನ್ನು ಇನ್ನೊಮ್ಮೆ ಹಿಡಿದು, ಗಟ್ಟಿಯಾಗಿ ಕುಲುಕಿ, ಸೀದಾ ಒಳಗೆ ನಡೆದ. ಯಾದಿರಾಳ ಮುಂದೆ ಅಂಗಿಯ ತೋಳು ಮಡಿಸಿ ನಿಂತ.

"ಆ ಕೈ ಅಲ್ಲ ದೊನ್! ಅದು ಡಯಾಲಿಸಿಸ್ ಸೂಜಿ ಹಾಕೋ ಕೈ. ಇನ್ನೊಂದು ಕೊಡಿ!"

ಡಯಾಲಿಸಿಸ್‌ನವರಿಗೆ ಮಾಮೂಲಿ ಪ್ರಮಾಣ ಸಾಲದು. ಔಷಧ ಹೆಚ್ಚು ಬೇಕು, ಬಿಟ್ಟು ಬಿಟ್ಟು ಹಲವು ಸಲ ಹಾಕಿಸಿಕೊಳ್ಳಬೇಕು. ಎಲ್ಲಾ ಮುಗಿಯಲು ಆರು ತಿಂಗಳು ಹಿಡಿಯಿತು. ಆಮೇಲೆ ಲಸಿಕೆ ಹಿಡಿದಿದೆಯೇ, ಅಂದರೆ ಮೈಯಲ್ಲಿ ಸಾಕಷ್ಟು ರಕ್ಷಣೆ ಹುಟ್ಟಿದೆಯೇ ಎಂದು ರಕ್ತ ಪರೀಕ್ಷೆ. ಹಿಡಿದಿರಲಿಲ್ಲ!

ಈ ಹಟಮಾರಿ ಇನ್ನು ಮುಗೀತು ಅಂತ ಎದ್ದು ಹೋಗುತ್ತಾನೆ ಅಂದುಕೊಂಡೆ.

"ಕೆಲವರಿಗೆ ಹೀಗಾಗತ್ತೆ ದೊನ್," ಅಂದಳು ಯಾದಿರಾ. "ಕಿಡ್ನಿ ಸೋತ ಮೈ ಲಸಿಕೆಗೆ ಬೇಗ ಸ್ಪಂದಿಸಲ್ಲ. ಮತ್ತೆ ಮೊದಲಿಂದ ಹಾಕೋಣ. ತುಂಬಾ ಜನಕ್ಕೆ ಎರಡನೇ ಸಲ ಹಿಡಿಯತ್ತೆ."

ನನ್ನ ಗಂಡ ತೋಳು ಚಾಚಿದ. "ಹಾಕು ಮಗಳೇ. ನನಗಿಂತ ಹಟಮಾರಿ ನನ್ನ ಮೈ. ಬಿಡಬೇಡ ಅದನ್ನ."

ಎರಡನೇ ಸುತ್ತೂ ಮುಗಿಯಿತು. ಪರೀಕ್ಷೆಯ ಫಲಿತಾಂಶ ತಂದ ದಿನ ಯಾದಿರಾ ಬಾಗಿಲಲ್ಲೇ ಕೂಗಿದಳು: "ಹಿಡೀತು ದೊನ್ ನಿಕಾಸಿಯೊ, ಹಿಡೀತು!" ಹಾಲ್‌ನಲ್ಲಿದ್ದವರೆಲ್ಲ ಸೂಜಿಯಿಲ್ಲದ ಕೈಯಿಂದ ತೊಡೆ ತಟ್ಟಿ ಹೋ ಎಂದರು. ಪಕ್ಕದ ಕೋಣೆಯಿಂದ ಎವೆನೋರ್ ಗಾಜು ಬಡಿದು, ಏನಾಯ್ತು ಅಂತ ಸನ್ನೆಯಲ್ಲೇ ಕೇಳಿದ. ನನ್ನ ಗಂಡ ತೋಳು ತೋರಿಸಿ ಮೀಸೆ ತಿರುವಿದ. ನಾನು ಅಲ್ಲೇ, ಎಲ್ಲರೆದುರಿಗೇ, ಅವನ ಬೋಳುತಲೆಗೆ ಮುತ್ತು ಕೊಟ್ಟೆ.

"ಖುಷಿ ಪಡಿ, ಆದ್ರೆ ವರ್ಷ ವರ್ಷ ಪರೀಕ್ಷೆ ತಪ್ಪಿಸ್ಬೇಡಿ. ರಕ್ಷಣೆ ಕಡಿಮೆಯಾದ್ರೆ ಮತ್ತೆ ಲಸಿಕೆ ಬೇಕಾಗತ್ತೆ," ಅಂದಳು ಯಾದಿರಾ.

ಆ ಭಾನುವಾರ ಎವೆನೋರ್ ಮತ್ತು ಅವನ ಹೆಂಡತಿ ನಮ್ಮ ಮನೆಗೆ ಊಟಕ್ಕೆ ಬಂದರು. ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ನಕತಮಾಲ್ ಬಿಸಿಬಿಸಿಯಾಗಿತ್ತು. ಒಂದೇ ಮೇಜು, ಒಂದೇ ರೇಡಿಯೋ. ನಮ್ಮ ತಂಡ ಗೆದ್ದಾಗ ಗಂಡಸರಿಬ್ಬರೂ ಸೇರಿ ಕೂಗಿದ್ದಕ್ಕೆ ನಾಯಿ ಮಂಚದಡಿ ಅಡಗಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದರೆ ಮುಂದಿನ ಸರದಿಯಲ್ಲೇ ನರ್ಸನ್ನು ಕೇಳಿ: ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ? ಲಸಿಕೆ ಪೂರ್ತಿ ಆಗಿದೆಯೇ? ಅದು ಹಿಡಿದಿದೆಯೇ? ಕಿಡ್ನಿ ಈಗಷ್ಟೇ ಕೆಡುತ್ತಿದೆ ಎಂದು ಡಾಕ್ಟರ್ ಹೇಳಿದ್ದರೆ ಡಯಾಲಿಸಿಸ್ ತನಕ ಕಾಯಬೇಡಿ, ಲಸಿಕೆಯ ಬಗ್ಗೆ ಈಗಲೇ ಕೇಳಿ. ಬೇಗ ಹಾಕಿಸಿದಷ್ಟೂ ಚೆನ್ನಾಗಿ ಹಿಡಿಯುತ್ತದೆ. ಮನೆಯವರೂ ಹಾಕಿಸಿಕೊಳ್ಳಿ. ಕಾಯಿಲೆ ಬಂದವರನ್ನು ದೂರ ಮಾಡಬೇಡಿ, ಊಟಕ್ಕೆ ಕರೆಯಿರಿ. ಕಿಡ್ನಿಯ ಕೆಲಸ ಮಾಡಲು ಯಂತ್ರ ಇದೆ, ಲಿವರಿನ ಕೆಲಸಕ್ಕೆ ಅಂಥದ್ದಿಲ್ಲ. ನನ್ನ ಗಂಡನ ಲಿವರ್ ಉಳಿಯಿತು. ನಿಮ್ಮವರದೂ ಉಳಿಯಲಿ.