ಬಿಹೋಲ್ಡ್ ಅಂದ್ರೆ ಬರೀ ನೋಡೋದಾ?

ವರ್ಕ್‌ಶಾಪಿನವರು ಅವನನ್ನು ಕಿಡಿ ಅಂತಲೇ ಕರೆಯುತ್ತಿದ್ದರು. ವೆಲ್ಡಿಂಗ್ ಕೆಲಸ ಅರ್ಧ ಕಾರಣ, ಮೂಗಿನ ತುದಿಯ ಸಿಟ್ಟು ಇನ್ನರ್ಧ. ಬೆಸುಗೆ ಆದಮೇಲೆ ಅದರ ಮೇಲೆ ಕಟ್ಟುವ ಕರಿ ಸಿಪ್ಪೆಯನ್ನು ಸುತ್ತಿಗೆಯಿಂದ ಕುಟ್ಟಿ ತೆಗೆಯಬೇಕು. ಆಗ ಎಲ್ಲರ ಹಾಗೆ ಅವನೂ ಮುಖದ ಶೀಲ್ಡ್ ಎತ್ತಿಬಿಡುತ್ತಿದ್ದ. ಬೆಂಕಿ ಆರಿತಲ್ಲ, ಇನ್ನೇನು ಭಯ ಅಂತ. ಒಂದು ದಿನ ಆ ಸಿಪ್ಪೆಯ ಚೂರೇ ಸಿಡಿದು ಬಲಗಣ್ಣಿಗೆ ಹೊಕ್ಕಿತು.

ಡಾಕ್ಟರು ಚೂರು ತೆಗೆದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಒಳ್ಳೇ ಕಣ್ಣು ಹೊರಳಿದರೆ ಗಾಯದ ಕಣ್ಣೂ ಜೊತೆಗೇ ಹೊರಳುತ್ತದಂತೆ. ಬಲಗಣ್ಣು ಉಳಿಯಿತೋ ಇಲ್ಲವೋ, ಪಟ್ಟಿ ಬಿಚ್ಚಿದ ಮೇಲೇ ಗೊತ್ತಾಗೋದು.

ಅಕ್ಕ ಮಂಚದ ಪಕ್ಕ ಕೂತು ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ಇಂಗ್ಲಿಷು, ಅದೂ ಬಾಯಿಬಿಟ್ಟು.

"ಬಿಹೋಲ್ಡ್. ಅಂದ್ರೆ ನೋಡು. ಹಳೇ ಕಾಲದ ಮಾತು."

"ನೋಡೋಕೆ ಸೀ ಇದೆ, ಲುಕ್ ಇದೆ. ಅರ್ಧಕ್ಕೇ ಸ್ಕೂಲು ಬಿಟ್ಟ ನನಗೇ ಗೊತ್ತು. ಕಣ್ಣು ಕಟ್ಟಿಸ್ಕೊಂಡು ಬಿದ್ದಿರೋನ ಮುಂದೆ ಓದೋಕೆ ಇದೇ ಸಿಕ್ತಾ ನಿಂಗೆ?"

"ಪೂರ್ತಿ ಕೇಳೋ, ಸಿಡುಕುಮೂತಿ. ಇದರ ಹೊಟ್ಟೇಲಿ ಹೋಲ್ಡ್ ಇದೆ, ಹಿಡ್ಕೊಳ್ಳೋದು. ಮುಂದಿರೋ ಬಿ, ಚೆನ್ನಾಗಿ, ಗಟ್ಟಿಯಾಗಿ ಅನ್ನೋ ಥರ. ಹಿಂದೆ ಇದಕ್ಕೆ ಹಿಡಿದಿಟ್ಟುಕೊಳ್ಳೋದು ಅನ್ನೋ ಅರ್ಥನೂ ಇತ್ತು. ಜರ್ಮನ್ನರು ಇದರ ದಾಯಾದಿ ಪದಾನ ಈಗಲೂ ಹಾಗೇ ಬಳಸ್ತಾರೆ. ಇಂಗ್ಲಿಷಲ್ಲಿ ಅದು ಕೈ ಬಿಟ್ಟು ಕಣ್ಣಿಗೆ ಬಂತು."

"ಓದಿದೋರ ತಲೆಹರಟೆ. ಕಣ್ಣಲ್ಲಿ ಹಿಡ್ಕೊಳ್ಳೋಕಾಗುತ್ತಾ?"

ಅಕ್ಕ ಔಷಧಿ ತರಲು ಹೋದಳು. ಕತ್ತಲಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ್ದವನು, ಹಿಡಿದಿಟ್ಟಿದ್ದು ಏನಿದೆ ನೋಡೇಬಿಡೋಣ ಅಂದುಕೊಂಡ. ಕಳೆದ ವಾರ ಮಾಡಿದ ಮೆಟ್ಟಿಲ ಕಂಬಿಯ ಬೆಸುಗೆ ಬಂತು, ಒಂದೊಂದು ಅಲೆಯೂ ಸ್ಪಷ್ಟ. ಯಜಮಾನನ ಹಾಳು ಮುಖ ಕರೆಯದೇ ಬಂತು. ಅಕ್ಕನ ಮುಖ ಬರಲಿಲ್ಲ. ದನಿ ಬಂತು, ಚಪ್ಪಲಿ ಎಳೆಯುವ ಸದ್ದು ಬಂತು, ಮುಖದ ಜಾಗದಲ್ಲಿ ಬರೀ ಮಬ್ಬು. ಹುಟ್ಟಿದಾಗಿನಿಂದ ಎದುರಿಗೇ ಇದ್ದವಳು! ಅವನಿಗೆ ಮೈಯೆಲ್ಲ ಉರಿಯಿತು. ಈ ಸಲ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಪಟ್ಟಿ ಬಿಚ್ಚುವ ದಿನ ಡಾಕ್ಟರು ಅವನ ಎಡಗಣ್ಣು ಮುಚ್ಚಿ, "ಏನು ಕಾಣುತ್ತೆ?" ಅಂದರು.

"ಬೆಳಕು. ಏನೋ ಅಲ್ಲಾಡ್ತಿದೆ."

"ಅದು ನನ್ನ ಕೈ. ಈ ಕಣ್ಣಿಗೆ ಇಷ್ಟೇನಪ್ಪ. ಹೆಚ್ಚು ಆಸೆ ಇಟ್ಕೋಬೇಡ."

ಕೂಗಾಡುತ್ತಾನೆ ಅಂತ ನರ್ಸ್ ಹಿಂದೆ ಸರಿದಳು. ಅವನು ಕೂಗಾಡಲಿಲ್ಲ. ಎಡಗಣ್ಣು ತೆರೆದು ಅಕ್ಕನ ಮೇಲೆ ನೆಟ್ಟ. ಹುಬ್ಬಿನ ಪಕ್ಕ ಹಳೇ ಗಾಯದ ಗುರುತು. ಕೆಳತುಟಿ ಒಂದು ಕಡೆ ಕೊಂಚ ಜೋತಿದೆ. ಕಿವಿಯ ಹತ್ತಿರ ಆಗಲೇ ಬಿಳಿ ಕೂದಲು.

"ಏನೋ, ನುಂಗೋ ಹಾಗೆ ನೋಡ್ತೀಯ?"

"ಮಾತಾಡ್ಬೇಡ. ಅಲ್ಲಾಡ್ಲೂಬೇಡ. ಇನ್ನೂ ಮುಗಿದಿಲ್ಲ."