ಆರು ಮಂಚಗಳ ಸಾಲು

“ಈ ಸಲ ನಂಗ ಬರಾಕ ಆಗಂಗಿಲ್ಲ, ಎಲ್ಲಾರಿಗೂ ಹೇಳಿಬಿಡು” ಎಂದು ಕಾಶಿನಾಥ ಫೋನಿನಲ್ಲಿ ಹೇಳುತ್ತಿದ್ದಂತೆಯೇ ಅಂಗಳದ ಗೇಟು ಕಿರುಗುಟ್ಟಿತು. ಫೋನನ್ನು ಕಿವಿಗೆ ಹಿಡಿದುಕೊಂಡೇ ಧಮ್ಮಪಾಲ ಒಳಗೆ ಬಂದ.

“ಹೇಳ್ತೀನಿ. ಮೊದಲ ಒಂದ್ ಗಿಲಾಸ್ ನೀರ್ ಕೊಡಸು” ಎಂದು ಫೋನಿನಲ್ಲೇ ಉತ್ತರಿಸಿ, ಅದನ್ನು ಜೇಬಿಗಿಳಿಸಿದ.

ಕಂಗ್ಟಿಯಿಂದ ಮೊದಲ ಬಸ್ಸಿಗೇ ಹೊರಟು ನಾರಾಯಣಖೇಡಿಗೆ ಬಂದಿದ್ದ. ಹೈಸ್ಕೂಲು ಹೆಡ್‌ಮಾಸ್ಟರನಾಗಿ ನಿವೃತ್ತನಾಗಿ ಮೂರು ವರ್ಷವಾದರೂ ಅವನ ಬೂಟುಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅಂಗಿಯ ಎರಡೂ ತೋಳುಗಳು ಒಂದೇ ಅಳತೆಗೆ ಮಡಚಿಕೊಂಡಿದ್ದವು. ಹನ್ನೊಂದನೇ ವಯಸ್ಸಿನಲ್ಲಿ ಫೌಜಿನ ಸೈನಿಕ ಶಾಲೆಯ ಹಾಸ್ಟೆಲಿನಲ್ಲಿ ಕಲಿತದ್ದು ಅವನನ್ನು ಇನ್ನೂ ಬಿಟ್ಟಿರಲಿಲ್ಲ.

ಕಾಶಿನಾಥನ ಹೆಂಡತಿ ಪ್ರೇಮಲಾ ನೀರು ತಂದಳು. “ನೀವರ ಹೇಳ್ರಿ ಅಣ್ಣಾ. ದುಕಾನದಾಗ ಕೆಲಸ ಅದ, ಕೆಲಸ ಅದ ಅಂತಾರ. ತೊಗರಿ ಸೀಜನ್ ಮುಗದು ತಿಂಗಳಾತು.”

“ವೈನಿ, ಈ ಅಠ್ರಾ ಸುಳ್ಳ ಹೇಳಾದು ಐವತ್ತ್ ವರ್ಷದಿಂದ ಕಲೀಲಾಕತ್ತಾನ. ಇನ್ನಾ ಪಾಸಾಗಿಲ್ಲ.”

ಅಠ್ರಾ ಎಂದರೆ ಹದಿನೆಂಟು, ಶಾಲೆಯಲ್ಲಿ ಕಾಶಿನಾಥನ ನಂಬರು. ಧಮ್ಮಪಾಲ ಸತ್ರಾ, ಹದಿನೇಳು. ಹೆಸರುಗಳು ಊರಲ್ಲಿ ಉಳಿದವರಿಗೆ. ಹಾಸ್ಟೆಲಿನಲ್ಲಿ ಒಂದೇ ಸಾಲಿನ ಮಂಚಗಳಲ್ಲಿ ಮಲಗುತ್ತಿದ್ದ ಆರು ಜನಕ್ಕೆ ನಂಬರುಗಳೇ ಸಾಕಿದ್ದವು.

ಕಾಶಿನಾಥನಿಗೆ ಪ್ರಾಸ್ಟೇಟ್ ಆಪರೇಷನ್ ಆಗಿದ್ದು ಗೆಳೆಯರಿಗೆ ಗೊತ್ತಿತ್ತು. ಎಲ್ಲರೂ ಆಸ್ಪತ್ರೆಗೆ ಬಂದು ಸೇಬು ಮೂಸಂಬಿ ಕೊಟ್ಟು ಹೋಗಿದ್ದರು. ಅದಾದ ಮೇಲಿನದು ಪ್ರೇಮಲಾಗೆ ಮಾತ್ರ ಗೊತ್ತು. ನಿದ್ದೆಯಲ್ಲಿ ಮೂತ್ರದ ಹಿಡಿತ ತಪ್ಪುತ್ತದೆ. ಆರು ತಿಂಗಳಲ್ಲಿ ಸರಿಹೋದೀತು ಎಂದು ಡಾಕ್ಟರರು ಹೇಳಿದ್ದರು; ನಾಲ್ಕಷ್ಟೇ ಆಗಿತ್ತು. ವರ್ಷಕ್ಕೊಮ್ಮೆ ಜಹೀರಾಬಾದಿನಲ್ಲಿ ಅದೇ ಸಾಲಿನ ಮಾಣಿಕನ ಮನೆಯಲ್ಲಿ ಎಲ್ಲರೂ ಸೇರುವುದು, ಅದೂ ಒಂದೇ ಕೋಣೆಯಲ್ಲಿ, ನಂಬರಿನ ಪ್ರಕಾರ ಮಂಚ ಹಾಕಿಕೊಂಡು. ಅಲ್ಲಿ ಮಲಗುವುದು ಹೇಗೆ?

ಆದರೆ ಅಷ್ಟರಲ್ಲಿ ಧಮ್ಮಪಾಲ ಗೂಟದ ಮೇಲಿನ ಚೀಲ ಇಳಿಸಿ ಅವನ ಅಂಗಿಗಳನ್ನು ಮಡಚತೊಡಗಿದ್ದ. ಪ್ರೇಮಲಾ ಒಂದು ರಬ್ಬರ್ ಹಾಳೆಯನ್ನು ಧೋತರದೊಳಗೆ ಸುತ್ತಿ ಚೀಲದ ತಳಕ್ಕಿಟ್ಟಳು. ಹೊರಡುವ ಮುನ್ನ ಕಾಶಿನಾಥ ಅದನ್ನು ತೆಗೆದು ದಿಂಬಿನಡಿ ತುರುಕಿದ. ಚೀಲದಲ್ಲಿ ಅದು ಸರಪರ ಎನ್ನುತ್ತಿತ್ತು.

ಜಹೀರಾಬಾದಿನ ಬಸ್ಸಿನಲ್ಲಿ ಧಮ್ಮಪಾಲ ಕಿಟಕಿಯ ಸೀಟನ್ನು ಅವನಿಗೆ ಬಿಟ್ಟ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಕಾಶಿನಾಥನಿಗೆ ಆ ಮೊದಲ ತಿಂಗಳು ನೆನಪಾಯಿತು.

ಊರು ಬಿಟ್ಟು ಇಪ್ಪತ್ತು ದಿನವಾಗಿರಬೇಕು. ಬೆಳಗಿನ ಸೀಟಿ ಊದುವ ಮೊದಲೇ ಎಚ್ಚರವಾಗಿತ್ತು. ಹಾಸಿಗೆ ಒದ್ದೆ. ಕಂಬಳಿ ಹೊದ್ದು, ಹವಾಲ್ದಾರರು ಬಂದು ಅದನ್ನು ಎಳೆಯುವ ಗಳಿಗೆಗಾಗಿ ಹಲ್ಲು ಕಚ್ಚಿ ಕಾಯುತ್ತಿದ್ದ. ಹಾಗೆ ಸಿಕ್ಕಿಬಿದ್ದ ಇನ್ನೊಂದು ಸಾಲಿನ ಹುಡುಗನೊಬ್ಬ ಆ ವಾರವೇ ಶಾಲೆ ಬಿಟ್ಟು ಹೋಗಿದ್ದ. ಆಗ, ಯಾವ ದೇವರ ಕೃಪೆಯೋ, ಧಮ್ಮಪಾಲನಿಗೆ ಮಂಗಾಟ ಹತ್ತಿತು. ಬಾಟ್ಲಿಯ ನೀರನ್ನು ಎಲ್ಲರ ಮೇಲೂ ಎರಚಿದ. ಆ ಕಡೆಯ ಮಂಚದ ಕ್ರಾಂತಿಕುಮಾರ ಎದ್ದು ತನ್ನ ಬಾಟ್ಲಿ ಸುರುವಿದ. ಹವಾಲ್ದಾರರು ಬರುವಷ್ಟರಲ್ಲಿ ಆರೂ ಹಾಸಿಗೆ ತೊಯ್ದು ತೊಪ್ಪೆಯಾಗಿದ್ದವು. ಆರೂ ಜನ ಗಾದಿ ತಲೆ ಮೇಲೆ ಹೊತ್ತು ಮೈದಾನ ಮೂರು ಸುತ್ತು ಓಡಿದರು. ಓಡುತ್ತ ಕಾಶಿನಾಥ ಒಬ್ಬನೇ ನಗುತ್ತಿದ್ದ. ತನ್ನ ಅದೃಷ್ಟವನ್ನು ಅವನಿಗೇ ನಂಬಲಾಗಿರಲಿಲ್ಲ.

ಮಾಣಿಕನ ಮನೆಯಲ್ಲಿ ಆಗಲೇ ಗದ್ದಲವಿತ್ತು. ತಾಂಡೂರಿನಲ್ಲಿ ಕಲ್ಲಿನ ಪಾಲಿಶ್ ಕಾರ್ಖಾನೆಯಿದ್ದ ಶಂಕ್ರೆಪ್ಪ ಹುಬ್ಬಿನಲ್ಲಿ ಬಿಳಿ ಪುಡಿ ಇಟ್ಟುಕೊಂಡೇ ಬಂದಿದ್ದ. ಫೌಜಿನಿಂದ ನಿವೃತ್ತನಾದ ಅಮರ, ಮಾಣಿಕನ ಹೆಂಡತಿ ಭೂದೇವಿಗೆ ಜೋಳದ ರೊಟ್ಟಿ ಬಡಿಯುವುದನ್ನು ಹೇಳಿಕೊಡುತ್ತಿದ್ದ.

“ಭಾವಾ, ನೀವು ಬಂದೂಕ ಹಿಡ್ಯಾಂಗ ರೊಟ್ಟಿ ಹಿಡಿಬ್ಯಾಡ್ರಿ. ಜರಾ ಹೊರಗ ಕುಂದರ್ರಿ” ಎಂದು ಭೂದೇವಿ ಅವನನ್ನು ಎಬ್ಬಿಸಿದಳು.

ಊಟಕ್ಕೆ ಮೊದಲು ವಾಡಿಕೆಯಂತೆ ಅಮರ ನಂಬರು ಕೂಗಿದ. ಒಬ್ಬೊಬ್ಬರೂ “ಹಾಜಿರ್” ಎಂದರು. “ಉನ್ನೀಸ್” ಎಂದಾಗ ಐವರೂ ಒಟ್ಟಿಗೆ “ಹಾಜಿರ್” ಎಂದರು. ಹತ್ತೊಂಬತ್ತು ಕ್ರಾಂತಿಕುಮಾರನ ನಂಬರು. ಇಪ್ಪತ್ತಾರನೇ ವಯಸ್ಸಿಗೆ ಹಿಮದ ಗಡಿಯಿಂದ ಅವನ ಪೆಟ್ಟಿಗೆಯಷ್ಟೇ ಊರಿಗೆ ಬಂದಿತ್ತು. ಅಂದಿನಿಂದಲೂ ಅವನ ಮಂಚ ಸಾಲಿನಲ್ಲೇ ಇದೆ. ಭೂದೇವಿ ಪ್ರತಿವರ್ಷ ಅದಕ್ಕೂ ಒಗೆದ ಚಾದರವನ್ನೇ ಹಾಸುತ್ತಾಳೆ.

ಕಾಶಿನಾಥ ಸಂಜೆಯಿಂದ ನೀರು ಮುಟ್ಟಲಿಲ್ಲ. ಸಾರನ್ನೂ ಬೇಡವೆಂದ. ಎಚ್ಚರವಾಗಿರಬೇಕೆಂದು ನಿರ್ಧರಿಸಿಯೇ ಮಲಗಿದ್ದ.

ಕಣ್ಣು ಬಿಟ್ಟಾಗ ಕಿಟಕಿ ಬೆಳ್ಳಗಾಗುತ್ತಿತ್ತು. ಕೈಯಿಂದ ಮುಟ್ಟಿ ನೋಡುವ ಅಗತ್ಯವಿರಲಿಲ್ಲ. ಅರವತ್ತೊಂದು ವರ್ಷದ ಮನುಷ್ಯ ಹನ್ನೊಂದರ ಹುಡುಗನಂತೆ ಅಲುಗಾಡದೆ ಮಲಗಿದ. ಆಚೆ ಮಂಚದಲ್ಲಿ ಕ್ರಾಂತಿಯ ಚಾದರ ಒಣಗಿ ಬೆಳ್ಳಗೆ, ಒಂದು ಸುಕ್ಕೂ ಇಲ್ಲದೆ ಕಾಣುತ್ತಿತ್ತು. ಬದಲಾಯಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕೈ ಚಾಚಿ ಅದರ ಅಂಚು ಹಿಡಿದ. ಹಿಡಿದವನು ಹಾಗೇ ಬಿಟ್ಟ. ತನ್ನ ತಪ್ಪನ್ನು ಸತ್ತವನ ಮೇಲೆ ಹೇಗೆ ಹಾಕುವುದು?

ಧಮ್ಮಪಾಲನ ಮಂಚ ಬರಿದಾಗಿತ್ತು. ಚಾದರವೂ ಇರಲಿಲ್ಲ.

ಕಾಶಿನಾಥ ಧೋತರ ಬದಲಿಸಿ, ತನ್ನ ಚಾದರವನ್ನು ಮುದ್ದೆ ಮಾಡಿ ಎದೆಗೊತ್ತಿಕೊಂಡು ಹಿತ್ತಿಲಿಗೆ ನಡೆದ. ನಲ್ಲಿಯ ಕೆಳಗೆ ಧಮ್ಮಪಾಲ ಬಕೆಟ್ಟಿನಲ್ಲಿ ಚಾದರ ಹಿಂಡುತ್ತಿದ್ದ.

“ನಿಂದೇನಾತು?” ಎಂದು ಕಾಶಿನಾಥ ಕೇಳಿದ.

“ಬಾಟ್ಲಿ ಉಳ್ಳಿತು. ನೀರ್ ಚೆಲ್ತು.” ಧಮ್ಮಪಾಲ ತಲೆ ಎತ್ತಲಿಲ್ಲ. “ತಾ ಇಲ್ಲಿ ಅದನ್ನೂ. ಸಾಬಣ ಹಚ್ಚೀನಿ.”

ಕಾಶಿನಾಥ ಕೊಡದೆ ನಿಂತ. ನಲ್ಲಿಯ ನೀರು ಬಕೆಟ್ಟು ತುಂಬಿ ಹರಿಯುತ್ತಿತ್ತು.

“ಸತ್ರಾ, ಅವತ್ತೂ ನೀ...”

“ಅವತ್ತ ನನ್ ಬಾಟ್ಲಿ ಸಣ್ಣದಿತ್ತು. ಆರ್ ಹಾಸಿಗಿಗಿ ಸಾಲಲಿಲ್ಲ. ಕ್ರಾಂತೀಗಿ ಎಬ್ಬಸ್ಬೇಕಾತು.”

“ಎಲ್ಲಾರಿಗೂ ಗೊತ್ತಿತ್ತಾ?”

“ಏನ್ ಗೊತ್ತಿತ್ತು?” ಎಂದ ಧಮ್ಮಪಾಲ. ತರಗತಿಯಲ್ಲಿ ತಪ್ಪು ಪ್ರಶ್ನೆ ಕೇಳಿದ ಹುಡುಗನನ್ನು ನೋಡುವಂತೆ ನೋಡಿದ. “ನೀರಾಟ ಆಡಿದ್ವಿ. ಸಿಕ್ಕಬಿದ್ವಿ. ಓಡಿದ್ವಿ.”

ಕಾಶಿನಾಥ ಚಾದರವನ್ನು ಅವನ ಕೈಗೆ ಕೊಟ್ಟ.

“ಜರಾ ಸರೀರಲೇ, ನಲ್ಲಿ ನಂದದ” ಎಂದು ಹಿಂದಿನಿಂದ ಮಾಣಿಕನ ದನಿ ಬಂತು. ಅವನ ಹೆಗಲ ಮೇಲೂ ಒಂದು ಚಾದರವಿತ್ತು. ಅವನ ಹಿಂದೆ ಶಂಕ್ರೆಪ್ಪ ಆಕಳಿಸುತ್ತ ತನ್ನದನ್ನು ನೆಲದ ಮೇಲೆ ಎಳೆದುಕೊಂಡು ಬಂದ. ಅಮರ ಮಾತ್ರ ನಾಲ್ಕು ಮೂಲೆ ಸೇರಿಸಿ, ಮಡಚಿ, ಎರಡೂ ಅಂಗೈಯ ಮೇಲಿಟ್ಟುಕೊಂಡು ತಂದ.

“ಮಡಚಿ ತಂದ್ ನೀರಾಗ ಹಾಕ್ತೀಯೇನಲೇ?” ಎಂದ ಶಂಕ್ರೆಪ್ಪ.

“ಶಿಸ್ತು” ಎಂದು ಅಮರ ಅದನ್ನು ಹಾಗೆಯೇ ಬಕೆಟ್ಟಿನೊಳಗೆ ಬಿಟ್ಟ.

ಭೂದೇವಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. “ಎಂಥಾ ಸಾಲಿ ಕಲ್ತೀರೋ ನೀವು. ಒಂದ್ ದಿನ ಮಲಗಿದ ಚಾದರ ಯಾರರ ಒಗೀತಾರ? ಮನ್ಯಾಗ ನಿಮ್ ಹೆಂಗಸರ ಮುಂದ ಒಂದ್ ಕರವಸ್ತ್ರರ ಹಿಂಡೀರೇನು?” ಆಮೇಲೆ ಕಾಶಿನಾಥನ ಮುಖ ಕಂಡು, ತುಂಬಿದ ಲೋಟವನ್ನೇ ಆರಿಸಿ ಅವನಿಗೆ ಕೊಟ್ಟಳು. ಅವನು ಒಂದು ಗುಟುಕೂ ಬಿಡದೆ ಕುಡಿದ.

ಬೇಲಿಯಿಂದ ಬೇವಿನ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಐದು ಚಾದರಗಳು ಬಂದವು. ಉಳಿದವರು ಹೆದ್ದಾರಿಯ ಲಾರಿಗಳ ಸದ್ದಿನ ನಡುವೆ ಚಹಾ ಹೀರುತ್ತ, ಆಗಿನ ಹವಾಲ್ದಾರರು ನಡೆಯುತ್ತಿದ್ದ ರೀತಿಯನ್ನು ಆಡಿ ತೋರಿಸುತ್ತಿದ್ದರು. ಕಾಶಿನಾಥ ಲೋಟ ಕೆಳಗಿಟ್ಟು ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಕ್ರಾಂತಿಯ ಆ ಸುಕ್ಕಿಲ್ಲದ ಚಾದರವಿತ್ತು. ಧಮ್ಮಪಾಲ ನಲ್ಲಿ ತಿರುವಿದ.

ಕಾಶಿನಾಥ ಅದನ್ನು ಚೆನ್ನಾಗಿ ತೋಯಿಸಿ, ಹಿಂಡಿ, ತನ್ನದರ ಪಕ್ಕಕ್ಕೆ ಅಂಚಿಗೆ ಅಂಚು ಕೂಡಿಸಿ ಹರವಿದ. ಬಿಸಿಲು ಆಗಷ್ಟೇ ಬೇಲಿ ದಾಟುತ್ತಿತ್ತು. ಆರೂ ಚಾದರಗಳಿಂದ ತೊಟ್ಟಿಕ್ಕಿದ ನೀರು ಕೆಂಪು ಮಣ್ಣಿನ ಮೇಲೆ ಒಂದೇ ಗೆರೆಯಾಗಿ ಹಬ್ಬುತ್ತಿತ್ತು.