ಬೇಸಿಗೆಯ ಹಸಿರು

ಊರಿನವರಿಗೆಲ್ಲ ಅವಳು ಔಷಧಿ ಅಂಗಡಿಯ ಅಕ್ಕ. ವಾರದ ಆರು ದಿನ ಮಾತ್ರೆ, ಮುಲಾಮು, ಕೆಮ್ಮಿನ ಸಿರಪ್ಪು. ಭಾನುವಾರ ಮಾತ್ರ ಡ್ರೋನ್ ಹಾರಿಸಿ ಸುತ್ತಲಿನ ಬಯಲು, ಗುಡ್ಡ, ಕೆರೆಗಳ ಚಿತ್ರೀಕರಣ. ನಲವತ್ತೆಂಟರ ಹೆಂಗಸಿಗೆ ಇದೆಂಥ ಹುಚ್ಚು ಎಂದು ಮೂಗು ಮುರಿದವರೇ ಈ ಬೇಸಿಗೆಯಲ್ಲಿ ಅವಳ ವಿಡಿಯೋವನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಕಾಲುವೆ ನೀರು ಬಿಟ್ಟು ತುಂಬಿಸಿದ್ದ ಕೆರೆ. ಆಚೀಚೆಯ ನೆಲವೆಲ್ಲ ಒಣಗಿ ಬೂದಿಯಾಗಿದ್ದರೂ ಏರಿಯ ಹೊರಬದಿಯ ಬುಡದಲ್ಲಿ ಒಂದು ಪಟ್ಟಿ ಮಾತ್ರ ಹಸಿರು ಹಸಿರಾಗಿ ನಳನಳಿಸುತ್ತಿತ್ತು. ಅವಳು ಅದರ ಬಣ್ಣವನ್ನು ಇನ್ನೊಂದಿಷ್ಟು ಗಾಢ ಮಾಡಿ ವಿಡಿಯೋವನ್ನು ಎಲ್ಲರ ಮೊಬೈಲಿಗೆ ಹರಿಯಬಿಟ್ಟಳು.

ಜನ ಮಕ್ಕಳುಮರಿ ಕಟ್ಟಿಕೊಂಡು ಅಲ್ಲಿಗೆ ಹೋಗತೊಡಗಿದರು. ಜನ ಹೋದಲ್ಲಿ ವ್ಯಾಪಾರ ಬೇಡವೇ? ಕೆಲಸ ಕಳೆದುಕೊಂಡು ಮನೆಯಲ್ಲಿ ಮುಖ ಇಳಿಬಿಟ್ಟು ಕೂತಿದ್ದ ಅವಳ ತಮ್ಮ ಅಲ್ಲೇ ಚಹಾದ ಅಂಗಡಿ ಇಟ್ಟ. ತಾನು ಎತ್ತಿ ಆಡಿಸಿದವನು ಮತ್ತೆ ನಗುವುದನ್ನು ಕಂಡು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಒಂದು ಶನಿವಾರ ರಕ್ತದೊತ್ತಡದ ಮಾತ್ರೆಗೆಂದು ಬಂದ ಮುದುಕ, ಹಿಂದೆ ನೀರಾವರಿ ಕೆಲಸದಲ್ಲಿ ಮೇಸ್ತ್ರಿಯಾಗಿದ್ದವನು, ಆ ವಿಡಿಯೋ ನೋಡಿದ. ಎಲ್ಲರಂತೆ ಹೊಗಳಲಿಲ್ಲ.

"ಎಲ್ಲಾ ಒಣಗಿರೋವಾಗ ಈ ಹುಲ್ಲಿಗೆ ನೀರು ಎಲ್ಲಿಂದಮ್ಮ?"

"ಕೆರೆ ಪಕ್ಕದಲ್ಲೇ ಇದೆಯಲ್ಲ ತಾತ."

"ಏರಿ ಒಳಗಿಂದ ಬರ್ತಿದ್ರೆ ಕಷ್ಟ. ತಿಳಿ ನೀರಾದ್ರೆ ಸ್ವಲ್ಪ ದಿನ ಟೈಮಿದೆ. ಕೆಂಪು ನೀರು ಕಂಡ್ರೆ ಒಳಗಿನ ಮಣ್ಣೇ ಕೊಚ್ಕೊಂಡು ಬರ್ತಿದೆ ಅಂತ. ಆಮೇಲೆ ಅಲ್ಲಿ ಯಾರೂ ನಿಲ್ಬಾರ್ದು. ಸೋಮವಾರ ನೀರಾವರಿ ಕಚೇರಿ ತೆಗೀಲಿ, ಹೇಳ್ತೀನಿ."

ಮುದುಕ ಮಾತ್ರೆ ತೆಗೆದುಕೊಂಡು ಹೋದ. ಅವನ ಮಾತು ಹೋಗಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಕೆರೆಯ ಪಕ್ಕದ ಗುಡ್ಡದ ಮೇಲೆ ನಿಂತು ಡ್ರೋನ್ ಬಿಟ್ಟಳು. ರಿಮೋಟಿನ ಪರದೆಯಲ್ಲಿ ಹುಲ್ಲಿನ ನಡುವೆ ಕಿರುಬೆರಳ ಗಾತ್ರದ ಒಂದು ಧಾರೆ ಕಂಡಿತು. ಯಾರೂ ಬಣ್ಣ ಹಚ್ಚದೆಯೇ ಅದು ಕೆಂಪಗಿತ್ತು. ಅಲ್ಲಿಂದ ಹತ್ತು ಹೆಜ್ಜೆಗೆ ತಮ್ಮನ ಅಂಗಡಿ, ಸುತ್ತ ಹದಿನೈದಿಪ್ಪತ್ತು ಜನ. ಇವರನ್ನೆಲ್ಲ ಇಲ್ಲಿಗೆ ಕರೆದವಳು ತಾನೇ. ತಮ್ಮನಿಗೆ ಫೋನ್ ಮಾಡಿದಳು.

"ಎಲ್ರನ್ನೂ ಕರ್ಕೊಂಡು ಮೇಲೆ ಬಾ! ಏರಿ ಒಡೆಯುತ್ತೆ!"

"ಅಕ್ಕಾ, ತಲೆ ಕೆಟ್ಟಿದೆಯಾ? ನಿನ್ ವಿಡಿಯೋ ನೋಡ್ಕೊಂಡೇ ಜನ ಬಂದಿರೋದು. ಈಗ ನೀನೇ ಓಡಿಸ್ತೀಯಾ? ಹಾಲು ಉಕ್ತಾ ಇದೆ, ಇಡ್ತೀನಿ."

ಮತ್ತೆ ಮಾಡಿದರೆ ಎತ್ತಲಿಲ್ಲ. ಓಡಿ ಇಳಿದರೂ ಐದು ನಿಮಿಷ ಬೇಕು. ಡ್ರೋನಿಗೆ ಅರ್ಧ ನಿಮಿಷ ಸಾಕು. ಅದನ್ನು ತಲೆಗಳ ಮಟ್ಟಕ್ಕೆ ಇಳಿಸಿದಳು. ಫೋಟೋ ತೆಗೆಯುತ್ತಿದ್ದಾಳೆಂದು ಜನ ಕೈ ಬೀಸಿದರು, ಕೆಲವರು ಕೂದಲು ಸರಿಮಾಡಿಕೊಂಡರು. ಅವಳಿಗೆ ರೇಗಿಹೋಯಿತು. ಡ್ರೋನನ್ನು ನೇರ ಅವರ ಮೇಲೇ ನುಗ್ಗಿಸಿದಳು. ಲೋಟಗಳು ಉರುಳಿದವು, ಒಬ್ಬನ ಕೆನ್ನೆ ಗೀರಿತು. ಇನ್ನೊಮ್ಮೆ ನುಗ್ಗಿಸಿದಳು. ಜನ ಬೈಯುತ್ತ, ಕಲ್ಲು ಎತ್ತಿಕೊಂಡು, ಅವಳ ಕಡೆಗೇ ಗುಡ್ಡ ಹತ್ತತೊಡಗಿದರು. ಬಯ್ಯಲಿ, ಹೊಡೆಯಲಿ, ಬಂದರೆ ಸಾಕು. ಮೂರನೆಯ ಸಲ ಡ್ರೋನ್ ಅಂಗಡಿಯ ಕಂಬಕ್ಕೆ ಬಡಿದು ಹುಲ್ಲಿನ ಅಂಚಿಗೆ ಬಿತ್ತು. ಪರದೆಯಲ್ಲಿ ಬರೀ ಆಕಾಶ ಉಳಿಯಿತು.

ಮೊದಲು ಮೇಲೆ ಬಂದವನು ಕೆನ್ನೆ ಒತ್ತಿಕೊಂಡು, "ಏನಮ್ಮ, ಮೈಮೇಲೆ ಜ್ಞಾನ ಇದೆಯಾ?" ಎಂದು ಎಗರಾಡಿದ. ಅವಳು ಅವನ ಹಿಂದೆ ಏದುಸಿರು ಬಿಡುತ್ತ ಬಂದವರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ನನ್ ತಮ್ಮ ಎಲ್ಲಿ?"

"ಅಲ್ಲೇ ಇದಾನೆ. ನಮ್ಮಕ್ಕ ಆಸೆಪಟ್ಟು ತಗೊಂಡಿದ್ದ ಡ್ರೋನು, ಎಲ್ಲಿ ಬಿತ್ತೋ ಹುಡುಕಿ ತರ್ತೀನಿ ಅಂತ ನಿಂತ."

ಪರದೆಯ ಆಕಾಶ ಅಲುಗಾಡಿತು. ತಮ್ಮನ ಮುಖ ಬಂತು, ತೀರಾ ಹತ್ತಿರ. ಉಫ್ ಎಂದು ಲೆನ್ಸಿನ ಮಣ್ಣು ಊದಿದ, ಅಂಗಿಯ ತುದಿಯಿಂದ ಒರೆಸಿದ. ಏನೂ ಆಗಿಲ್ಲ ಎಂದು ಅಕ್ಕನಿಗೆ ಹೆಬ್ಬೆರಳು ಎತ್ತಿ ತೋರಿಸಿ ನಕ್ಕ. ಅವನ ಭುಜದ ಹಿಂದೆ ಆ ಹಸಿರು ಪಟ್ಟಿ ಇಡಿಯಾಗಿ, ನಿಧಾನವಾಗಿ, ಅವನ ಕಡೆಗೆ ಜಾರಿ ಬರುತ್ತಿತ್ತು.